ಪುಕ್ಕಟೆ ಸಿಕ್ಕರೆ ಸಾಲದು, ಎಟುಕಬೇಕು

2017ರ ಮಾರ್ಚ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 20,000ಕ್ಕೂ ಹೆಚ್ಚು ಉಪನ್ಯಾಸಗಳ ವಿಡಿಯೊ, ಆಡಿಯೊಗಳನ್ನು ಸಾರ್ವಜನಿಕರಿಗೆ ಸಿಗದಂತೆ ಹಿಂತೆಗೆದುಕೊಂಡಿತು. ವರ್ಷಗಟ್ಟಲೆ ಯಾವ ದೇಶದವರಾದರೂ ಕಾಸು ಕೊಡದೆ ನೋಡಬಹುದಾಗಿದ್ದ ಪಾಠಗಳವು. ಅನೇಕ ವಿಡಿಯೊಗಳಿಗೆ ಸಬ್‌ಟೈಟಲ್ ಇಲ್ಲವೆಂದು ಕಿವುಡರ ಪರವಾಗಿ ದೂರು ಹೋಗಿತ್ತು. ಅಲ್ಲಿನ ನ್ಯಾಯ ಇಲಾಖೆ ವಿಚಾರಣೆ ಮಾಡಿ, 2016ರ ಆಗಸ್ಟ್‌ನಲ್ಲಿ ದೂರು ನಿಜವೆಂದು ಪತ್ರ ಬರೆಯಿತು. ಸರಿಪಡಿಸುವ ಖರ್ಚಿಗೆ ಹಿಂಜರಿದ ವಿಶ್ವವಿದ್ಯಾಲಯ ಬಾಗಿಲನ್ನೇ ಮುಚ್ಚಿತು. ಕಿವಿ ಕೇಳದವರಿಗೆ ದಕ್ಕದ ಪಾಠ ಕಡೆಗೆ ಕೇಳುವವರಿಗೂ ದಕ್ಕದೆ ಹೋಯಿತು. ತನ್ನ ಆನ್‌ಲೈನ್ ಪಾಠಗಳನ್ನು ಎಲ್ಲರೂ ಬಳಸುವಂತೆ ಮಾಡಲು ಅದು ಒಪ್ಪಂದಕ್ಕೆ ಬಂದದ್ದು 2022ರಲ್ಲಿ.

ದೂರು ಕೊಟ್ಟವರನ್ನೇ ಆಗ ಹಲವರು ದೂಷಿಸಿದರು. ಆದರೆ ತೊಡಕು ಹುಟ್ಟಿದ್ದು ದೂರಿನಿಂದಲ್ಲ, ಪಾಠ ತಯಾರಾದ ಬಗೆಯಿಂದ. ಒಂದು ಉಪನ್ಯಾಸ ಮುಗಿದ ಕೂಡಲೇ ಅದರ ಮಾತನ್ನು ಬರಹಕ್ಕಿಳಿಸುವುದು ಸಣ್ಣ ಕೆಲಸ. ಇಪ್ಪತ್ತು ಸಾವಿರ ಗುಡ್ಡೆ ಬಿದ್ದ ಮೇಲೆ ಕೈ ಹಾಕುವುದೆಂದರೆ, ಮನೆಗೆ ಸುಣ್ಣ ಬಣ್ಣ ಮುಗಿದ ಮೇಲೆ ಗೋಡೆ ಒಡೆದು ನಲ್ಲಿಯ ಪೈಪು ಹಾಕಿದ ಹಾಗೆ. ಎಲ್ಲರನ್ನೂ ಒಳಗೊಳ್ಳುವ ವಿನ್ಯಾಸದ ತಿರುಳು ಇದೇ: ಯಾರೆಲ್ಲ ಕಲಿಯಲು ಬರಬಹುದು ಎಂಬ ಲೆಕ್ಕ ಮೊದಲ ದಿನವೇ ಆಗಬೇಕು.

ನಾಲ್ಕು ಪರೀಕ್ಷೆಗಳು

ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇಂಥ ವಿನ್ಯಾಸಕ್ಕೊಂದು ಮಾರ್ಗಸೂಚಿ ಕೊಟ್ಟಿದೆ. ಮೊದಲ ಆವೃತ್ತಿ 1999ರದು, 2.2ನೆಯ ಆವೃತ್ತಿ 2023ರದು. ಅದರ ನಾಲ್ಕು ತತ್ವಗಳನ್ನು ಕಾಲೇಜಿನ ಪಾಠಕ್ಕೆ ಹೀಗೆ ಒಗ್ಗಿಸಬಹುದು.

ಮೊದಲನೆಯದು, ಪಾಠ ಗ್ರಹಿಕೆಗೆ ಸಿಗಬೇಕು. ವಿಡಿಯೊಗೆ ಸಬ್‌ಟೈಟಲ್, ಚಿತ್ರಕ್ಕೆ ಬರಹದ ವಿವರಣೆ ಇರಬೇಕು. ‘ಗ್ರಾಫ್’ ಎಂದಷ್ಟೇ ಬರೆದರೆ ವಿವರಣೆಯಾಗದು. ಬೆಲೆ ಏರಿದಂತೆ ಬೇಡಿಕೆ ಇಳಿಯುತ್ತಿದೆ ಎಂದು ಬರೆದರೆ ಆದೀತು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಪ್ರಮಾಣದ ಹೊಳಪಿನ ಅಂತರವಿರಬೇಕು. ಬೋರ್ಡಿನ ಮೇಲೆ ಬರೆದು ‘ಇದರಿಂದ ಇದು ಬಂತು’ ಎನ್ನುವ ಅಧ್ಯಾಪಕರು ಏನು ಬರೆದೆವೆಂದು ಬಾಯಲ್ಲಿ ಹೇಳಿದರೆ, ಕಣ್ಣು ಕಾಣದ ವಿದ್ಯಾರ್ಥಿಗೂ ಪಾಠ ಮುಟ್ಟುತ್ತದೆ.

ಎರಡನೆಯದು, ಬಳಸಲು ಬರಬೇಕು. ಮೌಸ್ ಹಿಡಿಯಲಾಗದವರು ಕೀಬೋರ್ಡ್ ಒಂದರಿಂದಲೇ ಪಾಠ ತೆರೆದು, ಉತ್ತರ ಬರೆದು ಸಲ್ಲಿಸುವಂತಿರಬೇಕು. ಕಿರುಪರೀಕ್ಷೆಯ ಸಮಯ ಹೆಚ್ಚಿಸಲು ಅವಕಾಶ ಬೇಕು. ಮೂರನೆಯದು, ಅರ್ಥವಾಗಬೇಕು: ಪ್ರತಿ ವಾರದ ಪುಟವೂ ಒಂದೇ ಕ್ರಮದಲ್ಲಿದ್ದು, ಸೂಚನೆಗಳು ನೇರವಾಗಿರಬೇಕು. ನಾಲ್ಕನೆಯದು, ಹಳೆಯ ಮೊಬೈಲ್‌ನಲ್ಲೂ ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶದಲ್ಲೂ ಕೆಟ್ಟು ನಿಲ್ಲಬಾರದು.

ಈ ಏರ್ಪಾಟು ವಿಕಲಚೇತನರಿಗಷ್ಟೇ ಎಂದುಕೊಂಡರೆ ಅರ್ಧ ಸತ್ಯ. ಗಲಾಟೆಯ ಬಸ್ಸಿನಲ್ಲಿ ಕುಳಿತವರಿಗೂ ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಉಪನ್ಯಾಸ ಕೇಳುವವರಿಗೂ ಸಬ್‌ಟೈಟಲ್ ಊರುಗೋಲೇ. ಡೇಟಾ ಮುಗಿದವರು ಬರಹರೂಪದ ಪಾಠವನ್ನಾದರೂ ಓದಿಕೊಳ್ಳುತ್ತಾರೆ. ಆನ್‌ಲೈನ್ ಪಾಠಗಳ ವೇದಿಕೆಯಾದ ಎನ್‌ಪಿಟಿಇಎಲ್ ತನ್ನ ಹಲವು ಪಾಠಗಳ ಬರಹರೂಪವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಕೊಡುತ್ತಿರುವುದು ಈ ದಾರಿಯ ಕೆಲಸ.

ಕನ್ನಡ ನೋಟ್ಸಿನ ತೊಡಕು

ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪುಕ್ಕಟೆ ಸಿಗುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಅದನ್ನು ಆರಂಭಿಸಿದರು, ಅವರೂ ಅಂಧರು. ಅದು ಕನ್ನಡವನ್ನೂ ಓದಿ ಹೇಳುತ್ತದೆ. ಆದರೆ ನಮ್ಮ ಕಾಲೇಜುಗಳಲ್ಲಿ ಓಡಾಡುವ ಎಷ್ಟೋ ನೋಟ್ಸ್ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿವೆ. ಅಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಕಡತದೊಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಯಂತ್ರ ಅದನ್ನೇ ಓದಿ ಗೊಣಗುತ್ತದೆ. ಪುಸ್ತಕದ ಪುಟಗಳ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಸ್ಕ್ರೀನ್ ರೀಡರ್‌ಗೆ ಅದು ಬರೀ ಚಿತ್ರ.

ಪರಿಹಾರ ಕೈಯಳತೆಯಲ್ಲೇ ಇದೆ. ಕಡತದೊಳಗೂ ಕನ್ನಡವೇ ಇರುವ ಯುನಿಕೋಡ್‌ನಲ್ಲಿ ಬರೆಯಿರಿ. ಶೀರ್ಷಿಕೆಯನ್ನು ದಪ್ಪಕ್ಷರ ಮಾಡಿ ಬಿಡುವ ಬದಲು ವರ್ಡ್‌ನ ಶೀರ್ಷಿಕೆ ಶೈಲಿ ಬಳಸಿ. ಆಗ ಅಂಧ ವಿದ್ಯಾರ್ಥಿ ಬೇಕಾದ ಭಾಗಕ್ಕೆ ನೇರ ಹೋಗಬಲ್ಲ. ಯುನಿಕೋಡ್‌ನಲ್ಲಿ ಬರೆದರೂ ಪಿಡಿಎಫ್ ಆಗುವಾಗ ಒತ್ತಕ್ಷರಗಳು ಹಾಳಾಗುವುದುಂಟು. ಒಂದು ಸಾಲನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಗೊತ್ತಾಗುತ್ತದೆ. ಪಿಡಿಎಫ್ ಜೊತೆಗೆ ಮೂಲ ಕಡತವನ್ನೂ ಕೊಡುವುದು ಕ್ಷೇಮ.

ತಿದ್ದುವ ಹಕ್ಕು

ಇನ್ನೊಬ್ಬರು ಮಾಡಿದ ಪಾಠವನ್ನು ಹೀಗೆ ಸರಿಪಡಿಸಲು ಹೊರಟಾಗ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಸಂಪನ್ಮೂಲದ ಬೆಲೆ ತಿಳಿಯುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನು ಜಗತ್ತಿಗೆ ತೆರೆದಿಡುವುದಾಗಿ ಘೋಷಿಸಿದ್ದು 2001ರಲ್ಲಿ. ಕ್ರಿಯೇಟಿವ್ ಕಾಮನ್ಸ್‌ನಂಥ ಪರವಾನಗಿಯಡಿ ಬಂದ ಪಾಠವನ್ನು ನೋಡಬಹುದು, ಹಂಚಬಹುದು. ಮಾರ್ಪಾಡಿಗೆ ತಡೆ ಇಲ್ಲದ ಪರವಾನಗಿಯಾದರೆ ತಿದ್ದಲೂಬಹುದು. ಚಿತ್ರವಿವರಣೆ ಸೇರಿಸುವ, ಬ್ರೈಲ್‌ಗೆ ಇಳಿಸುವ, ಕನ್ನಡಕ್ಕೆ ತರುವ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ಒಬ್ಬ ಅಧ್ಯಾಪಕಿ ಮಾಡಿದ ತಿದ್ದುಪಡಿ ಹತ್ತು ಕಾಲೇಜಿಗೆ ಒದಗುತ್ತದೆ. ಹಕ್ಕು ಕಾದಿರಿಸಿದ ಪುಸ್ತಕಗಳ ವಿಷಯದಲ್ಲೂ ದಾರಿಯಿದೆ: 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯ್ದೆ, ವಿಕಲಚೇತನರ ಬಳಕೆಗಾಗಿ ಲಾಭವಿಲ್ಲದೆ ಕೃತಿಯನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ಬಿಡುತ್ತದೆ.

ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ; ಶಿಕ್ಷಣದಲ್ಲಿ ಒಳಗೊಳ್ಳುವಿಕೆಯನ್ನು ಹಕ್ಕಾಗಿಸಿದೆ. ಅದು ಜಾರಿಯಾಗುವುದು ಒಬ್ಬಿಬ್ಬರು ಅಧ್ಯಾಪಕರ ಒಳ್ಳೆಯತನದಿಂದಲ್ಲ. ಪಾಠಕ್ಕೆ ಒಪ್ಪಿಗೆ ಕೊಡುವ ಸಮಿತಿ ಪಠ್ಯಕ್ರಮ ನೋಡುವಾಗಲೇ ಸಬ್‌ಟೈಟಲ್, ಯುನಿಕೋಡ್, ಕೀಬೋರ್ಡ್ ಬಳಕೆಯನ್ನೂ ಪರೀಕ್ಷಿಸಬೇಕು. ಅದರ ಖರ್ಚು ಮೊದಲ ಬಜೆಟ್ಟಿನಲ್ಲೇ ಸೇರಬೇಕು. ಸ್ಕ್ರೀನ್ ರೀಡರ್ ಬಳಸುವ ವಿದ್ಯಾರ್ಥಿಯೊಬ್ಬರು, ಸಂಭಾವನೆ ಪಡೆದು, ಪಾಠ ಹೊರಬರುವ ಮುನ್ನ ಅದನ್ನು ಬಳಸಿ ನೋಡಬೇಕು. ಅವರು ಹುಡುಕಿ ಕೊಡುವ ತಪ್ಪುಗಳನ್ನು ಯಾವ ತಂತ್ರಾಂಶವೂ ಪೂರ್ತಿ ಹಿಡಿಯಲಾರದು.