ಆರ್‌ಸಿಬಿಯ ಲೆಕ್ಕದಲ್ಲಿ ಅಭಿಮಾನಿ ಎಲ್ಲಿ?

ಕ್ರಿಕೆಟ್ ತಂಡವೊಂದರ ಆಡಳಿತ ಹೇಗಿರಬೇಕು ಎಂಬ ಚರ್ಚೆಗೆ ನಮ್ಮಲ್ಲಿ ಸಭಾಂಗಣವೇನೂ ಬೇಕಿಲ್ಲ. ನಾನು ವಾಸಿಸುವ ಮೈಸೂರಿನ ಕೆಸರೆಯಲ್ಲಿ ಅದು ಚಹಾದಂಗಡಿಯ ಬೆಂಚಿನ ಮೇಲೆ, ಕ್ಷೌರದಂಗಡಿಯಲ್ಲಿ, ದ್ವಿಚಕ್ರ ವಾಹನಗಳ ಗ್ಯಾರೇಜಿನಲ್ಲಿ ವರ್ಷವಿಡೀ ನಡೆಯುತ್ತದೆ. ಹೂಡಿಕೆದಾರರ ಸಭೆಗಳಲ್ಲಿಯೂ ಇಷ್ಟು ತೀಕ್ಷ್ಣವಾದ ಪ್ರಶ್ನೆಗಳು ಕೇಳಿಬರುತ್ತವೆಯೋ ಇಲ್ಲವೋ! ರಾಯಲ್ ಚಾಲೆಂಜರ್ಸ್ ತಂಡದಲ್ಲಿ ಒಂದು ಪೈಸೆಯ ಷೇರೂ ಇಲ್ಲದ ಈ ಜನ, ಅದರ ಹದಿನೇಳು ವರ್ಷಗಳ ಸೋಲನ್ನು ಮಾತ್ರ ತಮ್ಮದೇ ಸಾಲವೆಂಬಂತೆ ಹೊತ್ತು ತಿರುಗಿದವರು.

ಈ ಚರ್ಚೆಯಲ್ಲಿ ಸ್ಥೂಲವಾಗಿ ಎರಡು ಪಕ್ಷಗಳಿವೆ. ಒಂದು, ಆಟವನ್ನು ಕಣ್ಣಿನಿಂದ, ಮನಸ್ಸಿನಿಂದ ಅಳೆಯುವ ಹಿರಿಯರದು. ‘ಅಲ್ಲ ಕಣಪ್ಪಾ, ರಾಹುಲ್‌ನನ್ನ ಬಿಟ್ಟುಬಿಟ್ಟು ಅದ್ಯಾವ ಲೆಕ್ಕ ಹಾಕಿದ್ರು ಇವ್ರು?’ ಎಂಬುದು ಅವರ ಪ್ರಶ್ನೆ. ಇನ್ನೊಂದು, ಎಂಜಿನಿಯರಿಂಗ್ ಓದುತ್ತಿರುವ, ಮೊಬೈಲಿನಲ್ಲಿ ಸ್ಟ್ರೈಕ್ ರೇಟ್‌ಗಳ ಪಟ್ಟಿ ಇಟ್ಟುಕೊಂಡ ಹುಡುಗರದು. ‘ನೋಡಿ ಸಾರ್, ಸರಾಸರಿ ಬೇರೆ, ವೇಗ ಬೇರೆ’ ಎಂದು ಅವರು ವಿವರಿಸುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ವಿವಾದ ನಿಜವಾಗಿ ಅಂಕಿಗೂ ಹೃದಯಕ್ಕೂ ನಡುವಿನದೇ ಎಂಬ ಬಗ್ಗೆ ನನಗೆ ಸಂಶಯವಿದೆ.

ಇತಿಹಾಸವನ್ನು ಸ್ವಲ್ಪ ಕೆದಕೋಣ. ವಿಜಯ್ ಮಲ್ಯ ಅವರ ಸಂಸ್ಥೆ 2008ರಲ್ಲಿ ಈ ತಂಡವನ್ನು 11.16 ಕೋಟಿ ಡಾಲರ್‌ಗೆ ಪಡೆಯಿತು. ಆ ವರ್ಷದ ಏಪ್ರಿಲ್ 18ರ ಉದ್ಘಾಟನಾ ಪಂದ್ಯದಲ್ಲಿಯೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ತಂಡ 82 ರನ್ನುಗಳಿಗೆ ಮುಗಿದು, 140 ರನ್ನುಗಳಿಂದ ಸೋತಿತು. ಟೂರ್ನಿ ಮುಗಿಯುವ ಮೊದಲೇ ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಚಾರು ಶರ್ಮ ಹೊರನಡೆಯಬೇಕಾಯಿತು. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಸೋತಾಗ ಯಾರನ್ನಾದರೂ ಹೊರಕಳಿಸುವುದೇ ಪುನರ್‌ರಚನೆ ಎಂಬ ಭಾವನೆ ಅಂದೇ ಬೇರೂರಿತೇನೋ!

ಮುಂದಿನ ವರ್ಷ ಅನಿಲ್ ಕುಂಬ್ಳೆ ತಂಡವನ್ನು ಫೈನಲ್‌ಗೆ ಒಯ್ದರು. ಅಂತಿಮ ಪಂದ್ಯದಲ್ಲಿ 16 ರನ್ನಿಗೆ 4 ವಿಕೆಟ್ ಕಿತ್ತು, ಸೋತ ತಂಡದಲ್ಲಿದ್ದೂ ಪಂದ್ಯಪುರುಷರಾದರು. ಸೋಲಿನ ಅಂತರ ಕೇವಲ 6 ರನ್. 2011ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು. 2016ರ ಗಾಯವಂತೂ ಕೆಸರೆಯಲ್ಲಿ ಇನ್ನೂ ಆರಿಲ್ಲ. ಆ ವರ್ಷ ವಿರಾಟ್ ಕೊಹ್ಲಿ ಒಬ್ಬರೇ 973 ರನ್ ಗಳಿಸಿದ್ದರು. ತವರಿನ ಅಂಗಳದ ಫೈನಲ್‌ನಲ್ಲಿ 209ರ ಗುರಿ ಬೆನ್ನಟ್ಟಿದ ತಂಡ ವಿಕೆಟ್ ನಷ್ಟವಿಲ್ಲದೆ 114 ತಲುಪಿ, ಕೊನೆಗೆ 8 ರನ್ನುಗಳಿಂದ ಸೋತಿತು.

ಅಂಕಿಗಳನ್ನು ಓದಬಲ್ಲವರಿಗೆ ಆ ಪಂದ್ಯವೇ ಒಂದು ಪಾಠ. ಶೇನ್ ವಾಟ್ಸನ್ ನಾಲ್ಕು ಓವರುಗಳಲ್ಲಿ 61 ರನ್ ಕೊಟ್ಟಿದ್ದರು. ಎದುರಾಳಿ ತಂಡದ ಬೆನ್ ಕಟಿಂಗ್ 15 ಎಸೆತಗಳಲ್ಲಿ ಅಜೇಯ 39 ಬಾರಿಸಿದ್ದರು. ಹಣವೆಲ್ಲ ಮೇಲಿನ ಕ್ರಮಾಂಕದ ಮೂರ್ನಾಲ್ಕು ತಾರೆಗಳ ಮೇಲೆ ಸುರಿದು, ಕೊನೆಯ ಓವರುಗಳ ಬೌಲಿಂಗಿಗೆ ಚಿಲ್ಲರೆ ಉಳಿಸಿಕೊಂಡ ಮನೆಯ ಬಜೆಟ್ಟು ಅದು. ಮದುವೆಗೆ ಚಪ್ಪರ ಭರ್ಜರಿ, ಊಟಕ್ಕೆ ಅನ್ನ ಸಾಲದು ಎಂದ ಹಾಗೆ. ಮರುವರ್ಷ ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್. 2017 ಮತ್ತು 2019ರಲ್ಲಿ ಕೊನೆಯ ಸ್ಥಾನ.

ಹಾಗಾದರೆ ಆಗ ಅಂಕಿಅಂಶಗಳು ಇರಲಿಲ್ಲವೇ? ಇದ್ದವು. ಅಮೆರಿಕದ ಓಕ್ಲೆಂಡ್ ಬೇಸ್‌ಬಾಲ್ ತಂಡ ಕಡಿಮೆ ಬೆಲೆಯ ಆಟಗಾರರನ್ನು ಲೆಕ್ಕ ಹಾಕಿ ಆರಿಸಿ 2002ರಲ್ಲಿ ಸತತ 20 ಪಂದ್ಯ ಗೆದ್ದದ್ದು ಐಪಿಎಲ್ ಹುಟ್ಟುವ ಮೊದಲೇ ಜಗಜ್ಜಾಹೀರಾಗಿತ್ತು. ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಫುಟ್‌ಬಾಲ್ ಕ್ಲಬ್ಬು ಇಂಥದೇ ಗಣಿತವನ್ನು ನಂಬಿ 2021ರಲ್ಲಿ, 74 ವರ್ಷಗಳ ನಂತರ, ಅಗ್ರ ವಿಭಾಗಕ್ಕೆ ಮರಳಿತು. ಗಣಿತ ಎಲ್ಲರಿಗೂ ಲಭ್ಯ. ಅದನ್ನು ಕೇಳಿಸಿಕೊಳ್ಳುವ, ಕೇಳಿದಂತೆ ನಡೆಯುವ ಮತ್ತು ಫಲಿತಾಂಶಕ್ಕೆ ಹೆಗಲು ಕೊಡುವ ವ್ಯಕ್ತಿ ಕಚೇರಿಯಲ್ಲಿದ್ದಾನೆಯೇ ಎಂಬುದೇ ಪ್ರಶ್ನೆ. ಆರ್‌ಸಿಬಿಯಲ್ಲಿ ಬಹುಕಾಲ ಆ ಕುರ್ಚಿ ಅಸ್ಥಿರವಾಗಿತ್ತು. 2018ರ ಹರಾಜಿಗೆ ಮುನ್ನ ಕೆ.ಎಲ್. ರಾಹುಲ್ ಅವರನ್ನು ಉಳಿಸಿಕೊಳ್ಳಲಿಲ್ಲ. ಅವರು ಪಂಜಾಬಿಗೆ ಹೋಗಿ 659 ರನ್ ಗಳಿಸಿದರು. 2022ಕ್ಕೆ ಯಜುವೇಂದ್ರ ಚಾಹಲ್ ಅವರನ್ನು ಬಿಟ್ಟರು. ಅವರು ರಾಜಸ್ಥಾನದ ಪರ 27 ವಿಕೆಟ್ ಪಡೆದು ಆ ಸಾಲಿನ ಅಗ್ರ ಬೌಲರ್ ಆದರು. ಇವನ್ನು ಅಭಿಮಾನಿಗಳು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ.

ಬದಲಾವಣೆ ಹಂತಹಂತವಾಗಿ ಬಂತು. 2019ರಲ್ಲಿ ಮೈಕ್ ಹೆಸನ್ ಕ್ರಿಕೆಟ್ ವ್ಯವಹಾರಗಳ ನಿರ್ದೇಶಕರಾದರು. 2020ರಿಂದ ಮೂರು ವರ್ಷ ಸತತವಾಗಿ ತಂಡ ಪ್ಲೇಆಫ್ ಮುಟ್ಟಿತು. 2023ರಲ್ಲಿ ಅದು ತಪ್ಪಿದಾಗ ಆಂಡಿ ಫ್ಲವರ್ ಮುಖ್ಯ ಕೋಚ್ ಆಗಿ, ಇಂಗ್ಲೆಂಡ್ ಮಂಡಳಿಯಲ್ಲಿ ದುಡಿದಿದ್ದ ಮೊ ಬೊಬಾಟ್ ನಿರ್ದೇಶಕರಾಗಿ ಬಂದರು. 2024ರ ಮೊದಲ ಎಂಟು ಪಂದ್ಯಗಳಲ್ಲಿ ಏಳು ಸೋಲು! ಹೈದರಾಬಾದ್ ತಂಡ ಚಿನ್ನಸ್ವಾಮಿಯಲ್ಲಿ 287 ರನ್ ಚಚ್ಚಿದ ರಾತ್ರಿ ನಮ್ಮ ಚಹಾದಂಗಡಿಯಲ್ಲಿ ಇಬ್ಬರನ್ನೂ ಊರಿಗೆ ಕಳಿಸಬೇಕೆಂಬ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಅದೃಷ್ಟವಶಾತ್ ಮಾಲೀಕರು ಈ ಬಾರಿ 2008ರ ದಾರಿ ಹಿಡಿಯಲಿಲ್ಲ. ತಂಡ ಸತತ ಆರು ಪಂದ್ಯ ಗೆದ್ದು ಪ್ಲೇಆಫ್ ತಲುಪಿತು.

ನಂತರ ಬಂದದ್ದು 2024ರ ನವೆಂಬರ್‌ನ ಜಿದ್ದಾ ಹರಾಜು. ಮೂವರನ್ನು ಮಾತ್ರ ಉಳಿಸಿಕೊಂಡ ತಂಡದ ಕೈಯಲ್ಲಿ 83 ಕೋಟಿ ರೂಪಾಯಿ ಇತ್ತು. ದೊಡ್ಡ ಹೆಸರಿನ ಹಿಂದೆ ಹೋಗದೆ ಹೇಜಲ್‌ವುಡ್‌ಗೆ 12.50 ಕೋಟಿ, ಫಿಲ್ ಸಾಲ್ಟ್‌ಗೆ 11.50 ಕೋಟಿ, ಜಿತೇಶ್ ಶರ್ಮ ಅವರಿಗೆ 11 ಕೋಟಿ, ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ, ಕೃಣಾಲ್ ಪಾಂಡ್ಯ ಅವರಿಗೆ 5.75 ಕೋಟಿ ಎಂದು ಹಣವನ್ನು ಹರಡಿದರು. ಇಪ್ಪತ್ತು ಓವರುಗಳ ಯಾವ ಭಾಗವೂ ಬರಿದಾಗಬಾರದು ಎಂಬುದು ಅದರ ಹಿಂದಿನ ತರ್ಕ. ರಾಹುಲ್ 14 ಕೋಟಿಗೆ ದೆಹಲಿಯ ಪಾಲಾದರು. ಅಂದು ಕೆಸರೆಯಲ್ಲಿ ಕೇಳಿಬಂದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ.

ಮುಂದಿನದು ಸ್ವಾರಸ್ಯಕರ. 2025ರ ಏಪ್ರಿಲ್ 10ರಂದು ಅದೇ ರಾಹುಲ್ ಚಿನ್ನಸ್ವಾಮಿಗೆ ಬಂದು 53 ಎಸೆತಗಳಲ್ಲಿ ಅಜೇಯ 93 ಗಳಿಸಿ, ನೆಲದ ಮೇಲೆ ಬ್ಯಾಟಿನಿಂದ ವೃತ್ತ ಬರೆದು ಇದು ನನ್ನ ಅಂಗಳ ಎಂಬಂತೆ ಸೂಚಿಸಿದರು. ಹಿರಿಯರ ಪಕ್ಷ ಗೆದ್ದಂತಾಯಿತು. ಆದರೆ ಆ ತಂಡ ಹೊರ ಊರುಗಳಲ್ಲಿ ಆಡಿದ ಏಳೂ ಲೀಗ್ ಪಂದ್ಯಗಳನ್ನು ಗೆದ್ದಿತು. ಐಪಿಎಲ್‌ನಲ್ಲಿ ಅದೊಂದು ದಾಖಲೆ. ಹೇಜಲ್‌ವುಡ್ 22 ವಿಕೆಟ್ ಪಡೆದರು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್ನುಗಳಿಂದ ಮಣಿಸಿದ ಫೈನಲ್‌ನಲ್ಲಿ 17 ರನ್ನಿಗೆ 2 ವಿಕೆಟ್ ಕಿತ್ತು ಪಂದ್ಯಪುರುಷರಾದವರು ಯಾರೂ ಪೋಸ್ಟರ್ ಅಂಟಿಸಿಕೊಳ್ಳದ ಕೃಣಾಲ್ ಪಾಂಡ್ಯ. ಹುಡುಗರ ಪಕ್ಷ ಗೆದ್ದಿತು. ಇದಕ್ಕೂ ಒಂದು ವರ್ಷ ಮೊದಲೇ, 2024ರ ಮಾರ್ಚ್‌ನಲ್ಲಿ, ಆರ್‌ಸಿಬಿಯ ಮಹಿಳೆಯರು ಕಪ್ ತಂದಿದ್ದರು ಎಂಬುದನ್ನು ಎರಡೂ ಪಕ್ಷಗಳಿಗೆ ಆಗಾಗ ನೆನಪಿಸಬೇಕಾಗುತ್ತದೆ. ಆ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ಪಡೆದ ಶ್ರೇಯಾಂಕಾ ಪಾಟೀಲ್ ನಮ್ಮ ರಾಜ್ಯದವರೇ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಕಪ್ ಗೆದ್ದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಹನ್ನೊಂದು ಜನ ಬಲಿಯಾದರು. ಸುಮಾರು 35 ಸಾವಿರ ಮಂದಿ ಹಿಡಿಯುವ ಕ್ರೀಡಾಂಗಣದ ಸುತ್ತ ಎರಡರಿಂದ ಮೂರು ಲಕ್ಷ ಜನ ಸೇರಿದ್ದರೆಂದು ಅಂದೇ ಸಂಜೆ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ್ದರು. ನಮ್ಮ ಬೀದಿಯ ಇಬ್ಬರು ಹುಡುಗರೂ ಬೆಳಗಿನ ರೈಲು ಹತ್ತಿ ಹೋಗಿ, ಜನಸಾಗರ ಕಂಡು ಹೆದರಿ ಹಿಂದಿರುಗಿದರು. ಅವರ ತಾಯಂದಿರು ಆ ಸಂಜೆ ಫೋನ್ ಹಿಡಿದು ಬಾಗಿಲಲ್ಲಿ ನಿಂತಿದ್ದನ್ನು ನಾನು ನೋಡಿದ್ದೇನೆ. ಹೊಣೆ ಯಾರದೆಂಬುದನ್ನು ನಿರ್ಧರಿಸುವುದು ನ್ಯಾಯಾಲಯದ ಕೆಲಸ. ಆದರೆ ಎದುರಾಳಿಯ ಬ್ಯಾಟುಗಾರ ಎಡಗೈ ಸ್ಪಿನ್ನಿಗೆ ಹೇಗೆ ಔಟಾಗುತ್ತಾನೆ ಎಂಬುದನ್ನು ಎಸೆತ ಎಸೆತಕ್ಕೂ ಲೆಕ್ಕ ಹಾಕುವ ಕಾಲದಲ್ಲಿ, ಗೇಟಿನ ಮುಂದೆ ಎಷ್ಟು ಮಂದಿ ಬಂದಾರು ಎಂಬ ಸರಳ ಲೆಕ್ಕವನ್ನು ಯಾರೂ ಹಾಕಲಿಲ್ಲವಲ್ಲ? ತಂಡ, ಸಂಸ್ಥೆ, ಸರ್ಕಾರ, ಪೊಲೀಸ್ ಎಂಬ ನಾಲ್ಕು ಕಚೇರಿಗಳ ನಡುವೆ ಆ ಲೆಕ್ಕ ಬಿದ್ದುಹೋಯಿತು.

ಅಂಕಿಗಳ ಮಿತಿ ಇರುವುದು ಇಲ್ಲಿಯೇ. ಕೇಳಿದ ಪ್ರಶ್ನೆಗೆ ಮಾತ್ರ ಅವು ಉತ್ತರಿಸುತ್ತವೆ. ಪಂದ್ಯ ಗೆಲ್ಲುವುದು ಹೇಗೆ ಎಂದು ಕೇಳಿದರು, ಉತ್ತರ ಸಿಕ್ಕಿತು. ಈ ತಂಡ ಯಾರದು, ಅದನ್ನು ಪ್ರೀತಿಸುವವರಿಗೆ ಅದು ಏನು ಋಣಿ ಎಂದು ಯಾರೂ ಕೇಳಲಿಲ್ಲ. 2025ರ ನವೆಂಬರ್‌ನಲ್ಲಿ ಮಾಲೀಕ ಸಂಸ್ಥೆ ಡಿಯಾಜಿಯೊ ಈ ತಂಡದಲ್ಲಿನ ತನ್ನ ಹೂಡಿಕೆಯ ಪರಾಮರ್ಶೆ ಆರಂಭಿಸಿದಾಗಲೂ ಕೇಳಿಬಂದದ್ದು ಮೌಲ್ಯ, ಷೇರು, ಖರೀದಿದಾರರ ಹೆಸರುಗಳು. ಕೆಸರೆಯ ಗ್ಯಾರೇಜಿನ ಮೆಕ್ಯಾನಿಕ್‌ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಜರ್ಮನಿಯ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಅರ್ಧಕ್ಕಿಂತ ಹೆಚ್ಚಿನ ಮತಾಧಿಕಾರ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಬಾರ್ಸಿಲೋನಾದಲ್ಲಿ ಸದಸ್ಯರೇ ಅಧ್ಯಕ್ಷನನ್ನು ಆರಿಸುತ್ತಾರೆ. ಐಪಿಎಲ್‌ನಂಥ ವ್ಯವಸ್ಥೆಯಲ್ಲಿ ಅದನ್ನು ನಿರೀಕ್ಷಿಸುವುದು ಅವಾಸ್ತವ ಎನ್ನಬಹುದು, ಒಪ್ಪುತ್ತೇನೆ.

ಆದರೆ ಕನಿಷ್ಠ ಮೂರು ಸಂಗತಿಗಳನ್ನು ಕೇಳುವುದು ಅವಾಸ್ತವವಲ್ಲ. ಟಿಕೆಟ್ ಮಾರಾಟ ಮತ್ತು ಸಾರ್ವಜನಿಕ ಸಮಾರಂಭಗಳ ಸುರಕ್ಷತೆಗೆ ಹೆಸರು ಹೇಳಬಹುದಾದ ಒಬ್ಬ ಅಧಿಕಾರಿ ತಂಡದ ಕಚೇರಿಯಲ್ಲಿರಲಿ. ಕೋಚ್‌ನಂತೆ ಆತನೂ ಪತ್ರಕರ್ತರೆದುರು ಕುಳಿತು ಉತ್ತರಿಸಲಿ. ಅಭಿಮಾನಿಗಳ ಪ್ರತಿನಿಧಿಗಳೊಡನೆ ವರ್ಷಕ್ಕೊಮ್ಮೆಯಾದರೂ ಸಭೆ ನಡೆಯಲಿ, ಬೆಂಗಳೂರಿನಲ್ಲಿ ಮಾತ್ರವಲ್ಲ, ಮೈಸೂರು, ಹುಬ್ಬಳ್ಳಿ, ಕಲಬುರಗಿಗಳಲ್ಲೂ. ಹಾಗೆಯೇ, ಮಹಾರಾಜ ಟ್ರೋಫಿಯಲ್ಲಿ ಆಡುವ ಹುಡುಗರನ್ನು ಆರಿಸಲು ಅದೇ ಸೂಕ್ಷ್ಮ ಗಣಿತ ಬಳಕೆಯಾಗಲಿ. 2024ರಲ್ಲಿ ಆ ಟ್ರೋಫಿ ಗೆದ್ದದ್ದು ಮೈಸೂರಿನ ತಂಡವೇ ಎಂಬುದನ್ನು ಹೇಳಲು ಕೆಸರೆಯವನಾಗಿ ನನಗೆ ಸಂಕೋಚವಿಲ್ಲ. ಕನ್ನಡಿಗನೆಂಬ ಕಾರಣಕ್ಕೆ ಯಾರಿಗೂ ಜಾಗ ಕೊಡಬೇಕಿಲ್ಲ. ನೋಡುವ ಕಣ್ಣು ಇಲ್ಲಿಯೂ ಹೊರಳಬೇಕು, ಅಷ್ಟೆ.

ಸೋತ ತಂಡವನ್ನು ಗಣಿತದಿಂದ ರಿಪೇರಿ ಮಾಡಬಹುದು ಎಂದು ಆರ್‌ಸಿಬಿ ತೋರಿಸಿಕೊಟ್ಟಿದೆ. ಗೆದ್ದ ತಂಡವನ್ನು ನಡೆಸುವವರು ಯಾರು, ಅವರು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಮುಂದಿನ ಹರಾಜಿನಲ್ಲಿ ಯಾರನ್ನು ಕೊಳ್ಳಬೇಕೆಂದು ವಾದಿಸುವ ನಮ್ಮ ಎರಡೂ ಪಕ್ಷಗಳು ಇನ್ನು ಮುಂದೆ ಈ ಪ್ರಶ್ನೆಯನ್ನೂ ಅಷ್ಟೇ ಜೋರಾಗಿ ಕೇಳಬೇಕು.