ಮಾಸಿದ ಭಾವಚಿತ್ರಕ್ಕೆ ಮರುಜೀವ

ನಮ್ಮ ಹಿರಿಯರ ಮನೆಗಳ ಪಡಸಾಲೆಯಲ್ಲಿ ಒಂದಾದರೂ ಹಳೆಯ ಭಾವಚಿತ್ರ ತೂಗುತ್ತಿರುತ್ತದೆ. ತೇವಕ್ಕೂ ಬಿಸಿಲಿಗೂ ಸಿಕ್ಕಿ ಅದು ಮಾಸುತ್ತಿರುವುದನ್ನು ಕಂಡು ಮರುಗದವರಾರು? ನಾವೂ ಹಾಗೆ ಮರುಗಿ, ನಮ್ಮ ಅಜ್ಜನವರ ಚಿತ್ರವನ್ನು ಗಣಕಯಂತ್ರದಲ್ಲಿ ಸರಿಪಡಿಸಲು ಒಬ್ಬರಿಗೆ ಒಪ್ಪಿಸಿದೆವು. ಮರಳಿ ಬಂದ ಚಿತ್ರದಲ್ಲಿ ಕಲೆಗಳಿರಲಿಲ್ಲ, ನಿಜ. ಆದರೆ ಹಣೆಯ ವಿಭೂತಿಯ ಗೆರೆಗಳೂ ಇರಲಿಲ್ಲ, ಕಣ್ಣಂಚಿನ ಸುಕ್ಕುಗಳೂ ಇರಲಿಲ್ಲ. ನಮ್ಮ ಅಜ್ಜಿ ಅದನ್ನು ನೋಡಿ ಕೇಳಿದ್ದು ಒಂದೇ ಮಾತು: "ಇವರು ಯಾರಪ್ಪಾ?"

ಹೀಗಾಗಲು ಕಾರಣ, ಸ್ಮಡ್ಜ್ ಎಂಬ ಸಾಧನದ ಅತಿಬಳಕೆ. ಫೋಟೋಶಾಪ್‌ನಲ್ಲಿಯೂ ಉಚಿತವಾಗಿ ದೊರೆಯುವ ಗಿಂಪ್‌ನಲ್ಲಿಯೂ ಈ ಸಾಧನವಿದೆ. ಹಸಿ ಬಣ್ಣದ ಮೇಲೆ ಬೆರಳಾಡಿಸಿದಂತೆ ಇದರ ಕೆಲಸ. ಎಳೆತ ಆರಂಭವಾದ ಸ್ಥಳದ ಬಣ್ಣವನ್ನು ಎತ್ತಿಕೊಂಡು, ಎಳೆದ ಕಡೆಗೆ ಹರಡುತ್ತದೆ. ಇರುವ ಬಣ್ಣವನ್ನು ಅದು ಕದಡಬಲ್ಲುದೇ ಹೊರತು ಕಳೆದುಹೋದ ವಿವರವನ್ನು ತಂದುಕೊಡಲಾರದು. ಚಿತ್ರದ ನವಿರಾದ ಕಣಗಳೂ ಅಳಿಸಿಹೋಗಿ ಮುಖವು ಮೇಣದ ಬೊಂಬೆಯಂತಾಗುತ್ತದೆ. 2010ರ ಫೋಟೋಶಾಪ್ ಸಿಎಸ್5ರಲ್ಲಿ ಬಂದ ಮಿಕ್ಸರ್ ಬ್ರಷ್ ಕೂಡ ಬಣ್ಣ ಬೆರೆಸುವಂಥದೇ. ವರ್ಣಚಿತ್ರ ಬರೆಯುವವರಿಗೆ ಅದು ಉಪಯುಕ್ತ. ಹಳೆಯ ಛಾಯಾಚಿತ್ರದ ಮುಖಕ್ಕೆ ತಕ್ಕುದಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲು ಮೂಲಚಿತ್ರವನ್ನು ಸ್ಕ್ಯಾನ್ ಮಾಡಿ, ಆ ಪ್ರತಿಯನ್ನು ಮುಟ್ಟದೆ ಕಾದಿರಿಸಬೇಕು. ಕೆಲಸವೆಲ್ಲ ಅದರ ನಕಲಿನ ಮೇಲೆ ನಡೆಯಬೇಕು. ಬಿರುಕು, ಕಲೆಗಳಿಗೆ 2002ರ ಫೋಟೋಶಾಪ್ 7ರಿಂದ ದೊರೆತ ಹೀಲಿಂಗ್ ಬ್ರಷ್ ಲೇಸು. ನಾವು ಆರಿಸಿದ ಒಳ್ಳೆಯ ಭಾಗದ ಕಣಗಳನ್ನು ತಂದು, ಕಲೆಯ ಸುತ್ತಲಿನ ನೆರಳು-ಬೆಳಕಿಗೆ ಅದು ಹೊಂದಿಸುತ್ತದೆ. ಸ್ಮಡ್ಜ್ ಅನ್ನು ಕೂದಲಿನ ತುದಿ, ರುಮಾಲಿನ ಅಂಚು ಮೊದಲಾದ ಕಡೆ ಮಾತ್ರ ಬಳಸಬೇಕು. ಚಿಕ್ಕ ಕುಂಚವನ್ನು ಆರಿಸಿ, ಬಲವನ್ನು ಶೇ. 20ರ ಆಸುಪಾಸಿನಲ್ಲಿಟ್ಟು, ಕೂದಲು ಹರಿದ ದಿಕ್ಕಿನಲ್ಲಿಯೇ ಎಳೆಯಬೇಕು. ನುಣುಪಾದ ಜಾಗಕ್ಕೆ ಕೊನೆಯಲ್ಲಿ ನಾಯ್ಸ್ ಎಂಬ ಸೌಲಭ್ಯದಿಂದ ತುಸು ಕಣಗಳನ್ನು ಮತ್ತೆ ಸೇರಿಸಬಹುದು. ಕಣ್ಣು, ತುಟಿ, ಹಣೆಗಳ ತಂಟೆಗೆ ಮಾತ್ರ ಹೋಗಬಾರದು.

ಮೂಲಪ್ರತಿ ನಮ್ಮಲ್ಲಿ ಉಳಿದಿತ್ತಾದ್ದರಿಂದ ಈ ಕ್ರಮದಲ್ಲಿ ನಾವೇ ಮತ್ತೊಮ್ಮೆ ಯತ್ನಿಸಿದೆವು. ಎಡಗೆನ್ನೆಯ ಮೇಲಿನ ಒಂದು ಕಲೆ ಪೂರ್ತಿ ಹೋಗಲಿಲ್ಲ. ಆದರೂ ಅಜ್ಜಿ ಈ ಚಿತ್ರವನ್ನು ಕಂಡೊಡನೆ ತಲೆಯ ಮೇಲೆ ಸೆರಗೆಳೆದುಕೊಂಡರು.

ಮನೆಯ ಕಿರಿಯರು ಇಂಥ ಕೆಲಸಕ್ಕೆ ಕುಳಿತಾಗ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಆ ಮುಖವನ್ನು ಬಲ್ಲವರು ಅವರೇ ಅಲ್ಲವೇ?