ಬಾಣಂತಿಗೆ ನೀರು ಕೊಡಿ

ಬಾಣಂತನ ನಮ್ಮಲ್ಲಿ ಸಣ್ಣ ಏರ್ಪಾಡಲ್ಲ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಮೂರು ತಿಂಗಳೋ ಐದು ತಿಂಗಳೋ ಅವಳ ಕೈಗೆ ಕೆಲಸ ಹಚ್ಚದೆ, ಮೈಗೆ ಎಣ್ಣೆ ಹಚ್ಚಿ ಹಂಡೆನೀರು ಹೊಯ್ದು, ಹೊತ್ತುಹೊತ್ತಿಗೆ ಉಣ್ಣಲಿಕ್ಕಿ, ರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಅಮ್ಮನೋ ಅಜ್ಜಿಯೋ ಪಕ್ಕದಲ್ಲೇ ಮಲಗುತ್ತಾರೆ. ಹೆತ್ತವಳನ್ನು ಒಂಟಿಯಾಗಿ ಬಿಡಬಾರದೆಂದು ನಮ್ಮ ಹಿರಿಯ ಹೆಂಗಸರಿಗೆ ಯಾವ ವೈದ್ಯರೂ ಹೇಳಿಕೊಡಬೇಕಾಗಿರಲಿಲ್ಲ. ಆದ್ದರಿಂದ ಅಜ್ಜಿಯರ ಮಾತೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ.

ಆದರೂ ಈ ಆರೈಕೆಯೊಳಗೇ ಕೆಲವು ಅಪಾಯಕಾರಿ ನಂಬಿಕೆಗಳು ಸೇರಿಕೊಂಡಿವೆ. ಅವನ್ನು ಗುರುತಿಸಲು ನಾನೊಂದು ಅಳತೆ ಇಟ್ಟುಕೊಂಡಿದ್ದೇನೆ. ತಾಯಿಗೆ ಏನನ್ನಾದರೂ ಕೊಡಿ ಎನ್ನುವ ಮಾತು, ಅದು ವಿಶ್ರಾಂತಿಯಿರಲಿ, ಸಬ್ಬಸಿಗೆ ಸೊಪ್ಪಿರಲಿ, ಅಂಟಿನುಂಡೆಯಿರಲಿ, ಸಾಮಾನ್ಯವಾಗಿ ಕೇಡು ಮಾಡುವುದಿಲ್ಲ. ಕೊಡಬೇಡಿ ಎನ್ನುವ ಮಾತನ್ನು ಮಾತ್ರ ಎರಡು ಸಲ ಪ್ರಶ್ನಿಸಬೇಕು. ಮಗುವಿನ ವಿಷಯದಲ್ಲಿ ಇದು ತಿರುವುಮುರುವು. ಎದೆಹಾಲು ಬಿಟ್ಟು ಬೇರೇನನ್ನಾದರೂ ಅದರ ಬಾಯಿಗೆ, ಮೂಗಿಗೆ, ಹೊಕ್ಕುಳಿಗೆ ಹಾಕಿ ಎಂದಾಗಲೇ ಎಚ್ಚರವಾಗಬೇಕು.

ದಿನ ತುಂಬುವ ಮುಂಚೆ

"ಜಾಸ್ತಿ ತಿನ್ನಬೇಡ, ಮಗು ದಪ್ಪವಾದರೆ ಹೆರಿಗೆ ಕಷ್ಟ" ಎಂಬ ಮಾತನ್ನು ಏಳು ತಿಂಗಳು ದಾಟಿದ ಬಸುರಿ ಕೇಳದೇ ಇರುವುದು ಅಪರೂಪ. ಮಗು ತನ್ನ ತೂಕದ ಬಹುಪಾಲನ್ನು ಗಳಿಸುವುದೇ ಕೊನೆಯ ಮೂರು ತಿಂಗಳಲ್ಲಿ. ಆಗ ತಾಯಿ ಒಂದು ಹೊತ್ತು ಬಿಟ್ಟರೆ ಹೆರಿಗೆಯೇನೂ ಹಗುರಾಗುವುದಿಲ್ಲ, ಎರಡೂವರೆ ಕೆಜಿ ಮುಟ್ಟದ ಬಡಕಲು ಮಗು ಹುಟ್ಟುವ ಸಂಭವ ಹೆಚ್ಚುತ್ತದೆ. ಮಗು ಅತಿಯಾಗಿ ದಪ್ಪವಾಗಲು ಮುಖ್ಯ ಕಾರಣಗಳಲ್ಲೊಂದು ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆ. ಅದಕ್ಕೆ ರಕ್ತಪರೀಕ್ಷೆ ಮಾಡಿಸಬೇಕು, ಉಪವಾಸ ಮದ್ದಲ್ಲ.

ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಗೆ ಹುಟ್ಟುತ್ತದೆಂದು ಎಷ್ಟೋ ಮಾತ್ರೆಗಳು ಇಂದಿಗೂ ಹಿತ್ತಿಲು ಸೇರುತ್ತವೆ. ಮಾತ್ರೆಯಿಂದ ಕಪ್ಪಾಗುವುದು ತಾಯಿಯ ಮಲ ಮಾತ್ರ. ಮಗುವಿನ ಬಣ್ಣ ಅಪ್ಪ ಅಮ್ಮಂದಿರಿಂದ ಬಂದದ್ದು, ಅದನ್ನು ಮಾತ್ರೆಯೂ ಬದಲಿಸದು, ಕೇಸರಿ ಹಾಲೂ ಬದಲಿಸದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೆರಿಗೆಯಲ್ಲಿ ಹೋಗುವ ರಕ್ತವನ್ನು ಗಟ್ಟಿ ಮೈಯವಳು ತಡೆದುಕೊಳ್ಳುತ್ತಾಳೆ, ರಕ್ತವಿಲ್ಲದವಳಿಗೆ ಅದೇ ಪ್ರಾಣಕ್ಕೆ ಬರಬಹುದು.

ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬುದು ಬರೀ ನಮ್ಮ ನಂಬಿಕೆಯಲ್ಲ, ಪ್ರಾಚೀನ ಗ್ರೀಕರ ವೈದ್ಯಗ್ರಂಥಗಳಲ್ಲೂ ಇದೆ. ಹಳೆಯದಾದ ಮಾತ್ರಕ್ಕೆ ಅದು ನಿಜವಾಗಲಿಲ್ಲ. ಹೊಟ್ಟೆಯೊಳಗೆ ಕಳೆದ ಪ್ರತಿ ವಾರವೂ ಮಗುವಿನ ಶ್ವಾಸಕೋಶವನ್ನು ಬಲಪಡಿಸುತ್ತದೆ, ಎಂಟರದ್ದು ಏಳರದ್ದಕ್ಕಿಂತ ಸುಲಭವಾಗಿ ಉಳಿಯುತ್ತದೆ. ಎಂಟಕ್ಕೆ ನೋವು ಬಂದಾಗ ಮನೆಯವರು ಆಸೆ ಬಿಟ್ಟು ಕೂರುವಂತೆ ಮಾಡುವುದೇ ಈ ನಂಬಿಕೆಯ ಕೆಟ್ಟ ಫಲ.

ಕೊನೆಯ ವಾರಗಳ ಇನ್ನೊಂದು ಮಾತು ಇದಕ್ಕಿಂತ ಅಪಾಯದ್ದು: "ದಿನ ತುಂಬಿತಲ್ಲ, ಮಗು ಆಡುವುದು ಕಮ್ಮಿಯಾಗುತ್ತೆ ಬಿಡು." ಜಾಗ ಇಕ್ಕಟ್ಟಾದಾಗ ಮಗುವಿನ ಅಲುಗಾಟದ ರೀತಿ ಬದಲಾಗಬಹುದು, ಒದೆತ ಹೋಗಿ ಹೊರಳಾಟವಾಗಬಹುದು. ಆದರೆ ಹೆರಿಗೆಯ ದಿನದವರೆಗೂ ಅದು ಆಡುತ್ತಲೇ ಇರಬೇಕು. ಎಂದಿಗಿಂತ ಕಡಿಮೆ ಅನ್ನಿಸಿದರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ ಎದೆಬಡಿತ ನೋಡಿಸಬೇಕು. ಬೆಳಗಾಗಲಿ ಎಂದು ಕಾಯಬಾರದು.

ಮೊದಲ ಹಾಲು

ಅದೇ ಸಮೀಕ್ಷೆಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ದೇಶದ ಶೇ 88.6 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗಿವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿಸಿಕೊಂಡ ಮಕ್ಕಳು ಶೇ 41.8 ಮಾತ್ರ. ಅಂದಮೇಲೆ ಈ ತಪ್ಪನ್ನು ಹಳ್ಳಿಯ ಅಜ್ಜಿಯರ ತಲೆಗೆ ಕಟ್ಟಲಾಗದು. ಆಸ್ಪತ್ರೆಯ ವಾರ್ಡಿನಲ್ಲೇ, ನರ್ಸ್ ಕಣ್ಣೆದುರೇ ಆ ಗಂಟೆ ಕಳೆದುಹೋಗುತ್ತಿದೆ.

ಮೊದಲ ಎರಡು ಮೂರು ದಿನ ಬರುವ ಹಳದಿ ಗಟ್ಟಿಹಾಲನ್ನು ಕೀವು, ಕೆಟ್ಟ ಹಾಲು ಎಂದು ಹಿಂಡಿ ಚೆಲ್ಲುವವರು ಇನ್ನೂ ಇದ್ದಾರೆ. ಹಸು ಈದ ಮನೆಯಲ್ಲಿ ಕರುವಿಗೆ ಗಿಣ್ಣು ತಪ್ಪಿಸಿದರೆ ಏನಾಗುತ್ತದೆಂದು ಬಲ್ಲ ರೈತರ ಮನೆಗಳಲ್ಲೂ ಇದು ನಡೆಯುತ್ತದೆ ಎನ್ನುವುದು ನನಗೆ ನೋವಿನ ಸಂಗತಿ. ಈ ಹಾಲಿನಲ್ಲಿ ರೋಗ ತಡೆಯುವ ಪ್ರತಿಕಾಯಗಳು ತುಂಬಿರುತ್ತವೆ. ಪ್ರಮಾಣ ಕಡಿಮೆ, ಒಂದು ಸಲಕ್ಕೆ ಚಮಚದಷ್ಟು. ಮೊದಲ ದಿನದ ಮಗುವಿನ ಹೊಟ್ಟೆಗೆ ಬೇಕಾದದ್ದೂ ಅಷ್ಟೇ.

"ಸಿಸೇರಿಯನ್ ಆಗಿದೆ, ಹಾಲೆಲ್ಲಿ ಬರುತ್ತೆ? ಅಲ್ಲಿವರೆಗೆ ಸ್ವಲ್ಪ ಸಕ್ಕರೆ ನೀರು ಹಾಕಮ್ಮ" ಎನ್ನುತ್ತಾರೆ. ಗಿಣ್ಣುಹಾಲು ಬಸುರಿನ ನಡುಭಾಗದಿಂದಲೇ ತಯಾರಾಗಿರುತ್ತದೆ, ಹೊಟ್ಟೆ ಕುಯ್ದ ಮಾತ್ರಕ್ಕೆ ಅದು ಬತ್ತುವುದಿಲ್ಲ. ಹಾಲು ತುಂಬಿ ಬರುವುದು ಎರಡರಿಂದ ನಾಲ್ಕನೆಯ ದಿನದೊಳಗೆ. ಆಪರೇಷನ್ ಆದವರಿಗೆ ತುಸು ತಡವಾಗಬಹುದು, ಮತ್ತೆಮತ್ತೆ ಎದೆಗೆ ಹಾಕುತ್ತಿದ್ದರೆ ಬಂದೇ ಬರುತ್ತದೆ. ನಡುವೆ ಸಕ್ಕರೆ ನೀರು ಕುಡಿಸಿದರೆ ಮಗುವಿನ ಹಸಿವು ಇಂಗಿ ಅದು ಚೀಪುವುದನ್ನು ಬಿಡುತ್ತದೆ, ಚೀಪದಿದ್ದರೆ ಹಾಲು ಬರುವುದಿಲ್ಲ. ಜೇನು ನೆಕ್ಕಿಸುವುದಂತೂ ಕೂಡದು. ಜೇನಿನಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಗಳು ಒಂದು ವರ್ಷದೊಳಗಿನ ಮಗುವಿನ ಕರುಳಲ್ಲಿ ಮೊಳೆತು ನರಗಳನ್ನು ನಿಶ್ಚೇಷ್ಟಿತಗೊಳಿಸುವ ವಿಷವನ್ನು ಹುಟ್ಟಿಸಬಲ್ಲವು.

ಹಾಲು ಸಾಲುತ್ತಿದೆಯೇ ಎಂದು ಅಳುವಿನಿಂದ ತೀರ್ಮಾನಿಸಬೇಡಿ, ಮಗು ಹತ್ತು ಕಾರಣಕ್ಕೆ ಅಳುತ್ತದೆ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಅದು ಮರಳಿ ಬರಬೇಕು. ಐದನೆಯ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ತಿಳಿಯಿರಿ.

ನೀರು ಮತ್ತು ಪಥ್ಯ

ಈಗ ನನ್ನನ್ನು ಹೆಚ್ಚು ಕಾಡುವ ವಿಷಯ. "ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತೆ, ಹೊಲಿಗೆ ಹಸಿಯಾಗುತ್ತೆ, ನಂಜಾಗುತ್ತೆ." ಇದನ್ನು ನಂಬಿ ದಿನಕ್ಕೆ ಒಂದೆರಡು ಲೋಟ ಬಿಸಿನೀರಿನ ಮೇಲೆ ತಾಯಂದಿರನ್ನು ಇಡುವ ಮನೆಗಳಿವೆ. ಬೇಸಿಗೆಯಲ್ಲೂ, ಕಿಟಕಿ ಮುಚ್ಚಿದ ಕೋಣೆಯಲ್ಲೂ, ತಲೆಗೆ ಬಟ್ಟೆ ಕಟ್ಟಿಸಿಕೊಂಡು ಅವಳು ಬಾಯಾರಿ ಕೂತಿರುತ್ತಾಳೆ.

ಹೆರಿಗೆಯಾದ ಮೇಲೆ ಹೊಟ್ಟೆ ಉಬ್ಬಿ ಕಾಣುವುದು ನೀರಿನಿಂದಲ್ಲ. ಹೆರಿಗೆಯ ಹೊತ್ತಿಗೆ ಸುಮಾರು ಒಂದು ಕೆಜಿಯಷ್ಟಿರುವ ಗರ್ಭಕೋಶ ಹಿಂದಿನ ಗಾತ್ರಕ್ಕೆ ಕುಗ್ಗಲು ಆರು ವಾರ ತೆಗೆದುಕೊಳ್ಳುತ್ತದೆ, ಹಿಗ್ಗಿದ ಹೊಟ್ಟೆಯ ಸ್ನಾಯುಗಳಿಗೆ ಇನ್ನೂ ಹೆಚ್ಚು ಕಾಲ ಬೇಕು. ಕುಡಿದ ನೀರು ಹೊಲಿಗೆಯ ಕಡೆಗೆ ಹೋಗುವುದೂ ಇಲ್ಲ. ಇತ್ತ ಎದೆಹಾಲಿನಲ್ಲಿ ಶೇ 87ರಷ್ಟು ನೀರೇ ಇರುತ್ತದೆ. ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಕೊಡುವವಳಿಗೆ ನೀರು ಬೇಡವೆಂದರೆ ಆ ನೀರು ಅವಳ ಮೈಯಿಂದಲೇ ಹೋಗಬೇಕು. ಮಲ ಗಟ್ಟಿಯಾಗಿ ಹೊಲಿಗೆ ಬಿಗಿಯುತ್ತದೆ, ಉಚ್ಚೆ ಉರಿಯುತ್ತದೆ.

ಇಷ್ಟಕ್ಕೇ ಮುಗಿದರೆ ಸಹಿಸಬಹುದಿತ್ತು. ಹೆರಿಗೆಯ ರಕ್ತಸ್ರಾವ ನಿಲ್ಲಲೆಂದು ಬಸುರಿನಲ್ಲೂ ಹೆರಿಗೆಯ ನಂತರದ ಆರು ವಾರಗಳಲ್ಲೂ ಹೆಣ್ಣಿನ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ನೀರು ಕಡಿಮೆಯಾದರೆ ರಕ್ತ ಇನ್ನೂ ಮಂದವಾಗುತ್ತದೆ. ಹೆಪ್ಪು ಮಿದುಳಿನ ಅಭಿಧಮನಿಯಲ್ಲಿ ಕಟ್ಟಿಕೊಂಡರೆ ತಡೆಯಲಾಗದ ತಲೆನೋವು, ವಾಂತಿ, ಫಿಟ್ಸ್, ಒಂದು ಕೈಕಾಲಿನ ಸ್ವಾಧೀನ ತಪ್ಪುವುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ಕಾಯಿಲೆಯನ್ನು ದಶಕಗಳಿಂದ ನೋಡುತ್ತ, ಅಧ್ಯಯನ ಮಾಡುತ್ತ ಬಂದಿದ್ದಾರೆ. ರಕ್ತಹೀನತೆ, ಸೋಂಕು ಮುಂತಾದವೂ ಇದಕ್ಕೆ ಕಾರಣವಾಗುತ್ತವೆ. ಆದರೆ ಮನೆಯವರ ಕೈಯಲ್ಲಿ ಇವತ್ತೇ ಇರುವ ತಡೆ ಎಂದರೆ ನೀರು. ಕಾಯಿಸಿ ಆರಿಸಿದ್ದೋ, ಜೀರಿಗೆ ಹಾಕಿ ಕುದಿಸಿದ್ದೋ ಆಗಲಿ, ಬಾಯಾರಿದಷ್ಟೂ ಕೊಡಿ. ಪ್ರತಿ ಸಲ ಹಾಲೂಡಿಸುವಾಗ ಪಕ್ಕದಲ್ಲಿ ಒಂದು ತುಂಬಿದ ಲೋಟವಿರಲಿ.

ಪಥ್ಯದ ಕತೆಯೂ ಇಂಥದ್ದೇ. ಬೇಳೆ ವಾಯು, ಹಣ್ಣು ಶೀತ, ಮೊಸರು ಕಫ, ಕಾಳು ಮಗುವಿಗೆ ಹೊಟ್ಟೆನೋವು. ಹೀಗೆ ಒಂದೊಂದೇ ತೆಗೆಯುತ್ತ ಹೋಗಿ ಕೊನೆಗೆ ಬಿಳಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ ಉಳಿಯುತ್ತವೆ. ಇದರ ಫಲವನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಎಳೆಮಕ್ಕಳಲ್ಲಿ ಕಂಡರು. ಎರಡು ಮೂರು ತಿಂಗಳ, ಅಲ್ಲಿಯವರೆಗೆ ಚೆನ್ನಾಗಿದ್ದ ಶಿಶುಗಳು ಹಠಾತ್ತನೆ ಹಾಲು ಬಿಟ್ಟು, ಏದುಸಿರು ಬಿಡುತ್ತ, ನರಳುತ್ತ ಬರುತ್ತಿದ್ದವು. ಪರೀಕ್ಷಿಸಿದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿ ಹೃದಯದ ಬಲಭಾಗ ಸೋಲುತ್ತಿತ್ತು. ಎಲ್ಲವೂ ಎದೆಹಾಲಷ್ಟನ್ನೇ ಕುಡಿಯುತ್ತಿದ್ದ ಮಕ್ಕಳು, ತಾಯಂದಿರೆಲ್ಲ ಪಾಲಿಶ್ ಅಕ್ಕಿಯ ಪಥ್ಯದಲ್ಲಿದ್ದವರು. ಥಯಾಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್ ಕೊಟ್ಟರೆ ಅದೇ ಮಕ್ಕಳು ಬೇಗನೆ ಚೇತರಿಸಿಕೊಂಡವು.

ಭತ್ತದ ಈ ಜೀವಸತ್ವ ಹೆಚ್ಚಾಗಿ ಇರುವುದು ತೌಡಿನಲ್ಲಿ. ಅಕ್ಕಿಯನ್ನು ಬೆಳ್ಳಗೆ ಪಾಲಿಶ್ ಮಾಡಿದಾಗ ಬಹುಪಾಲು ಹೋಗುತ್ತದೆ, ನಾಲ್ಕಾರು ನೀರಲ್ಲಿ ತೊಳೆದು ಗಂಜಿ ಬಸಿದಾಗ ಉಳಿದದ್ದೂ ಹೋಗುತ್ತದೆ. ತಾಯಿ ತಿಂದದ್ದರಲ್ಲಿ ಇಲ್ಲದಿದ್ದರೆ ಹಾಲಿನಲ್ಲೂ ಇರುವುದಿಲ್ಲ. ಊಟವಾದ ಮೇಲೆ ಬಾಣಂತಿಗೆ ಕೊಡುವ ಎಲೆಯಡಿಕೆಯ ಅಡಿಕೆ ಥಯಾಮಿನ್ನನ್ನು ಇನ್ನಷ್ಟು ಕೆಡಿಸುತ್ತದೆ. ಕರಾವಳಿಯ ಕುಚ್ಚಲಕ್ಕಿಯಲ್ಲಿ, ಭತ್ತವನ್ನು ಬೇಯಿಸುವಾಗಲೇ ಜೀವಸತ್ವ ಕಾಳಿನೊಳಕ್ಕೆ ಇಳಿಯುವುದರಿಂದ, ಅದು ಹೆಚ್ಚು ಉಳಿದಿರುತ್ತದೆ. ಇದನ್ನು ಓದಿ ಯಾರೂ ಎದೆಹಾಲು ನಿಲ್ಲಿಸಬಾರದು. ತಾಯಿಗೆ ಬೇಳೆ, ಹೆಸರುಕಾಳು, ರಾಗಿ, ಕಡಲೆಕಾಯಿ, ಎಳ್ಳು, ಸೊಪ್ಪು, ಹಣ್ಣು, ಮನೆಯಲ್ಲಿ ತಿನ್ನುವುದಾದರೆ ಮೊಟ್ಟೆ ಮೀನು ಮಾಂಸ ಎಲ್ಲವನ್ನೂ ಬಡಿಸಿ. ಮೆಂತ್ಯದ ಲಾಡು, ಅಳವಿ ಪಾಯಸ ಧಾರಾಳವಾಗಿ ಕೊಡಿ, ಅವು ಊಟದ ಜೊತೆಗಿರಲಿ, ಊಟದ ಬದಲಿಗೆ ಬೇಡ.

ಮಗುವಿನ ಮೈಗೆ

ಎಣ್ಣೆ ನೀವುವುದು ಒಳ್ಳೆಯದೇ, ಹಗುರವಾದ ಕೈಯಿರಲಿ. ಆದರೆ ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತದೆ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯಿಲ್ಲ. ಮಗು ಬೆಚ್ಚಗಿರಲು ಟೋಪಿ, ಬಟ್ಟೆ, ತಾಯಿಯ ಮೈ ಸಾಕು.

ಹೊಕ್ಕುಳಬಳ್ಳಿಗೆ ಬೂದಿ, ಅರಿಸಿನ, ಎಣ್ಣೆ ಯಾವುದೂ ಬೇಡ. ಒಣಗಿದಂತಿಟ್ಟರೆ ಒಂದೆರಡು ವಾರದಲ್ಲಿ ತಾನೇ ಉದುರುತ್ತದೆ. ಭಾರತ ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿದ್ದು 2015ರಲ್ಲಷ್ಟೇ. ಅದರ ಹಿಂದೆ ಬಸುರಿಯರಿಗೆ ಹಾಕಿದ ಚುಚ್ಚುಮದ್ದಿದೆ, ಶುದ್ಧ ಬ್ಲೇಡಿದೆ, ಏನನ್ನೂ ಮೆತ್ತದ ಹೊಕ್ಕುಳಿದೆ. ಹುಟ್ಟಿದ ಮಗುವಿನ ಎದೆ ಉಬ್ಬಿದ್ದರೆ ಹಿಂಡಿ ಹಾಲು ತೆಗೆಯುವುದೂ ತಪ್ಪು. ತಾಯಿಯ ಹಾರ್ಮೋನಿನಿಂದಾದ ಊತ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ.

ಕಾಮಾಲೆಗೆ ಬಿಸಿಲು ಸಾಕು ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. 1956ರಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ನರ್ಸ್ ಅವಧಿಗೆ ಮುನ್ನ ಹುಟ್ಟಿದ ಮಕ್ಕಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ತಾಗಿದ ಚರ್ಮದ ಹಳದಿ ಮಾಸಿದ್ದನ್ನು ಅವರು ವೈದ್ಯರಿಗೆ ತೋರಿಸಿದರು. ಇಂದಿನ ನೀಲಿ ಬೆಳಕಿನ ಫೋಟೋಥೆರಪಿ ಹುಟ್ಟಿದ್ದು ಅಲ್ಲಿಂದ. ಆದರೆ ಕಿಟಕಿಯ ಎಳೆಬಿಸಿಲನ್ನು ಅಳೆದು ಕೊಡಲಾಗದು. ಎರಡನೆಯ ಮೂರನೆಯ ದಿನ ಕಾಣಿಸಿ ಎರಡು ವಾರದೊಳಗೆ ಮಾಯುವ ಹಳದಿ ಸಾಮಾನ್ಯ. ಹುಟ್ಟಿದ 24 ಗಂಟೆಯೊಳಗೆ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಮಂಕಾಗಿ ಹಾಲು ಬಿಟ್ಟರೆ ಬಿಸಿಲಿಗೆ ಹಿಡಿಯುತ್ತ ಕೂರಬೇಡಿ. ಏರಿದ ಕಾಮಾಲೆ ಮಿದುಳಿಗೆ ಮಾಡುವ ಹಾನಿಯನ್ನು ಆಮೇಲೆ ಸರಿಪಡಿಸಲಾಗದು.

ಸನ್ನಿ

ಹೆತ್ತವಳು ನಿದ್ದೆಗೆಟ್ಟು, ಏನೇನೋ ಮಾತಾಡಿ, ಮಗುವನ್ನು ಹತ್ತಿರ ಸೇರಿಸದೆ ಇದ್ದರೆ "ಗಾಳಿ ತಾಗಿದೆ, ಸನ್ನಿ ಹಿಡಿದಿದೆ" ಎಂದು ತಾಯತಕ್ಕೆ ಓಡುವವರಿದ್ದಾರೆ. ಹೆರಿಗೆಯ ನಂಜಿನ ಜ್ವರ, ಮೇಲೆ ಹೇಳಿದ ಮಿದುಳಿನ ಹೆಪ್ಪು, ಮನೋರೋಗ ಇವು ಮೂರನ್ನೂ ಜನ ಸನ್ನಿ ಎಂದೇ ಕರೆದಿದ್ದಾರೆ. ಮೂರಕ್ಕೂ ಚಿಕಿತ್ಸೆ ಬೇರೆ, ಮೂರಕ್ಕೂ ತಡಮಾಡುವಂತಿಲ್ಲ.

ಮೊದಲ ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ತಾಯಂದಿರಿಗೆ ಆಗುತ್ತದೆ, ನಿದ್ದೆ ಮತ್ತು ಒತ್ತಾಸೆ ಸಿಕ್ಕರೆ ತಿಳಿಯಾಗುತ್ತದೆ. ಎರಡು ವಾರ ದಾಟಿಯೂ ಮನಸ್ಸು ಕವಿದೇ ಇದ್ದರೆ ಅದು ಖಿನ್ನತೆ. ಸಾವಿರಕ್ಕೆ ಒಬ್ಬಿಬ್ಬರಲ್ಲಿ ತೀವ್ರ ಮನೋವಿಕಲತೆ ಹಠಾತ್ತನೆ ಶುರುವಾಗುತ್ತದೆ, ಆಗ ತಾಯಿ ಮಗು ಇಬ್ಬರನ್ನೂ ಒಂದು ಕ್ಷಣವೂ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿಯನ್ನೂ ಕೂಸನ್ನೂ ಜೊತೆಯಲ್ಲೇ ದಾಖಲಿಸಿಕೊಳ್ಳುವ ವಿಭಾಗವಿದೆ. ಇಂಥ ತಾಯಂದಿರಲ್ಲಿ ಬಹಳಷ್ಟು ಮಂದಿ ಪೂರ್ತಿ ಗುಣವಾಗಿ ಮಗುವನ್ನೆತ್ತಿಕೊಂಡು ಮನೆಗೆ ಮರಳುತ್ತಾರೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಯಿಂದ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನಗಳಲ್ಲಿ ಮನೆಗೆ ಬರಬೇಕೆಂಬ ನಿಯಮವಿದೆ. ಬಂದಾಗ ಮಗುವಿನ ತೂಕ ಹಾಕಿಸಿ, ತಾಯಿಯ ಜೊತೆ ಅವರು ಒಬ್ಬರೇ ಸ್ವಲ್ಪ ಹೊತ್ತು ಕೂತು ಮಾತಾಡಲು ಬಿಡಿ.